ಬೇಳೆಯಷ್ಟು ಮಗಳು

ಹೂವಿನಹಡಗಲಿ
18 ಸೆಪ್ಟೆಂಬರ್ 2005

ಅರ್ಚನಾ ಮೇಡಂ ಅವರಿಗೆ ಖಾಸಿಂ ಬೀ ಮಾಡುವ ಸಲಾಮು.

ನನ್ನ ನೆನಪು ನಿಮಗೆ ಇದೆಯೋ ಇಲ್ಲವೋ. ಹೋದ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ದೊಡ್ಡ ಮಗಳು ಮೆಹರೀನಳ ತಲೆಯ ಆಪರೇಷನ್ ಆಯಿತು. ಹಿಂದಿನ ದಿನ ವರಾಂಡದಲ್ಲಿ ನಾನು ನರ್ಸಮ್ಮನನ್ನು "ಕುಡಿಯಾ ನೀರು ಎಲ್ಲಿ ಸಿಗ್ತಾವ್ರಿ" ಎಂದು ಕೇಳಿದ್ದನ್ನು ಕೇಳಿಸಿಕೊಂಡು ನೀವು ನಿಂತಿರಿ. "ಹಡಗಲಿ ಕಡ್ಯೋರೇನ್ರಿ ಅಮ್ಮ?" ಅಂದಿರಿ. ನೀವು ಹರಪನಹಳ್ಳಿ ತಾಲೂಕಿನ ತೆಲಿಗಿಯವರು ಎಂದು ತಿಳಿದ ಮೇಲೆ ನಮ್ಮ ಮನೆಯವರಿಗೆ ಧೈರ್ಯ ಬಂತು. "ಬಾಜೂ ತಾಲೂಕಿನ ಹುಡುಗಿ ಅದಾಳ, ಇನ್ನೇನ್ ಅಂಜಿಕಿ" ಎಂದರು.

ಮೆಹರೀನಳ ಫಿಟ್ಸ್ ನಿಲ್ಲಬೇಕಾದರೆ ಮಿದುಳಿನ ಎಡಗಡೆ ಹುಟ್ಟಿನಿಂದ ಗಂಟಾಗಿದ್ದ ಒಂದು ಭಾಗ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಆ ತುಂಡನ್ನು ನಿಮ್ಮ ಓದಿಗೆ ಕೊಡುತ್ತೀರಾ ಎಂದು ನೀವು ಕೇಳಿದಿರಿ. ಇವರು "ಜೋಪಾನ ಮಾಡ್ತೀಯೇನವ್ವ?" ಎಂದು ಕೇಳಿದರು. ನೀವು "ಮಾಡ್ತೀನ್ರಿ ಚಾಚಾ" ಅಂದಿರಿ. ನಾವು ಸಹಿ ಹಾಕಿದೆವು.

ಮೆಹರೀನ ಹೋದ ತಿಂಗಳು ತೀರಿಕೊಂಡಳು. ಫಿಟ್ಸ್ ಅಲ್ಲ. ಆಪರೇಷನ್ ಆದ ಮೇಲೆ ಒಂದು ಸಲವೂ ಅದು ಬರಲಿಲ್ಲ. ಕಾಮಾಲೆ ಬಂತು. ಮೊದಲು ಊರಲ್ಲಿ ಸೊಪ್ಪಿನ ಔಷಧಿ ಕುಡಿಸಿದೆವು, ಆಮೇಲೆ ದಾವಣಗೆರೆಗೆ ಒಯ್ದೆವು. ಅಷ್ಟರಲ್ಲಿ ತಡವಾಗಿತ್ತು.

ಆಪರೇಷನ್ನಿನಿಂದ ಅವಳಿಗೆ ಒಂದೂವರೆ ವರ್ಷ ಸಿಕ್ಕಿತು. ಅದನ್ನು ನಿಮಗೆ ಹೇಳಬೇಕು. ಒಲೆ ಮುಂದೆ ಒಬ್ಬಳೇ ಕೂಡಲು ಬಿಟ್ಟೆ. ಮೊದಲು ಬಿಡುತ್ತಿರಲಿಲ್ಲ. ನಮ್ಮ ಮನೆಯವರದು ಸೈಕಲ್ ರಿಪೇರಿ ಅಂಗಡಿ. ಊರ ಮಕ್ಕಳಿಗೆಲ್ಲ ಬಾಡಿಗೆ ಸೈಕಲ್ಲು ಕೊಟ್ಟವರು ಸ್ವಂತ ಮಗಳನ್ನು ಹತ್ತಲು ಬಿಟ್ಟಿರಲಿಲ್ಲ. ಇಪ್ಪತ್ತನೇ ವಯಸ್ಸಿಗೆ ಕಲಿತಳು. ಹಿರೇಹಡಗಲಿ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಇವರು ಹಿಂದೆ ಓಡುವುದು, ಅವಳು "ಬಿಡ್ರಿ ಅಬ್ಬಾ, ಎಂಟು ವರ್ಷದ ಹುಡುಗ್ರು ನೋಡಿ ನಗಾಕತ್ಯಾರ" ಎನ್ನುವುದು.

ಈಗ ಕೆಲಸದ ಮಾತು. ನಮ್ಮಲ್ಲಿ ಸತ್ತವರ ಮೈ ಪೂರ್ತಿಯಾಗಿ ಮಣ್ಣಿಗೆ ಸೇರಬೇಕು. ಬದುಕಿರುವಾಗ ಒಂದು ಬೆರಳು ತುಂಡಾದರೂ ಅದನ್ನು ಹೂಳುತ್ತೇವೆ, ಎಸೆಯುವುದಿಲ್ಲ. ಇವರು ಮಗಳ ಗೋರಿಗೆ ತಲೆದೆಸೆಯ ಕಲ್ಲು ನಿಲ್ಲಿಸಿಲ್ಲ. ಕೇಳಿದರೆ "ಮಣ್ಣು ಕೊಟ್ಟಿದ್ದು ಇನ್ನೂ ಮುಗಿದಿಲ್ಲ" ಎನ್ನುತ್ತಾರೆ. ಅಂಗಡಿಗೆ ಹೋಗಿ ಬಾಗಿಲು ಅರ್ಧ ಎತ್ತಿ ಒಳಗೆ ಸುಮ್ಮನೆ ಕೂತು ಬರುತ್ತಾರೆ.

ನಿಮ್ಮ ಓದು ಮುಗಿದಿದ್ದರೆ ಆ ತುಂಡನ್ನು ನಮಗೆ ವಾಪಸು ಕೊಡಿ. ನಾವೇ ಬಂದು ಒಯ್ಯುತ್ತೇವೆ.

ತಮ್ಮವಳಾದ
ಖಾಸಿಂ ಬೀ, ದಾವಲ್ ಸಾಬ್ ಅವರ ಮನೆಯವಳು

*

ಬೆಂಗಳೂರು
6 ಅಕ್ಟೋಬರ್ 2005

ಖಾಸಿಂ ಬೀ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಲ್ಯಾಬಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಉತ್ತರ ಬರೆಯಲು ತಡವಾಯಿತು. ಮೆಹರೀನ ನನಗಿಂತ ಏಳೆಂಟು ವರ್ಷಕ್ಕೆ ಸಣ್ಣವಳು. ಆಪರೇಷನ್ನಿಗೆ ಕೂದಲು ಬೋಳಿಸುವಾಗ "ಅರ್ಧ ಯಾಕ್ರಿ, ಪೂರ್ತಿ ತಗೀರಿ, ಬೇಸಿಗಿ ಬಂತು" ಎಂದು ನಕ್ಕವಳು. ಅವಳಿಗೆ ಕಾಮಾಲೆ ಎಂದರೆ ನಂಬಲು ಆಗುತ್ತಿಲ್ಲ.

ನಮ್ಮ ಕೆಲಸ ಏನೆಂದು ಅಂದು ಗಡಿಬಿಡಿಯಲ್ಲಿ ಸರಿಯಾಗಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಆ ತುಂಡನ್ನು ಈರುಳ್ಳಿ ಸಿಪ್ಪೆಯಂಥ ತೆಳು ಪದರಗಳನ್ನಾಗಿ ಮಾಡಿದೆವು. ಉಪ್ಪು ಸಕ್ಕರೆ ಬೆರೆತ ನೀರಿನಲ್ಲಿ ಆಮ್ಲಜನಕದ ಗುಳ್ಳೆ ಬಿಡುತ್ತಿದ್ದರೆ ಅಂಥ ಪದರ ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಅದನ್ನು ಗಾಜಿನ ತಟ್ಟೆಯ ಮೇಲೆ ಇಡುತ್ತೇವೆ. ತಟ್ಟೆಯ ತುಂಬ ಸೂಜಿಮೊನೆಗಿಂತ ಸಣ್ಣ ತಂತಿತುದಿಗಳು ಸಾಲಾಗಿ ಇರುತ್ತವೆ. ಪದರದೊಳಗಿನ ಜೀವಕೋಶಗಳು ಒಂದಕ್ಕೊಂದು ವಿದ್ಯುತ್ತಿನಲ್ಲಿ ಸುದ್ದಿ ಮುಟ್ಟಿಸುವುದನ್ನು ಆ ತಂತಿಗಳು ಕೇಳಿಸಿಕೊಳ್ಳುತ್ತವೆ.

ಒಂದು ಕೋಶ ಮಿಡಿದರೆ ಪಕ್ಕದ್ದು ಮಿಡಿಯುತ್ತದೆ, ಅದರಿಂದ ಇನ್ನೊಂದು. ಬಹಳ ಸಲ ಇದು ಎರಡು ಮೂರಕ್ಕೇ ನಿಂತುಹೋಗುತ್ತದೆ. ಅಪರೂಪಕ್ಕೊಮ್ಮೆ ಈ ಅಂಚಿನಿಂದ ಆ ಅಂಚಿನವರೆಗೆ ಹರಿಯುತ್ತದೆ. ಗುಡ್ಡದಿಂದ ಕಲ್ಲುಮಣ್ಣು ಜಾರಿದ ಹಾಗೆ, ಎಷ್ಟು ಜಾರುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಆ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕದಿಂದ ಮತ್ತೆ ಕಟ್ಟುವುದು ನನ್ನ ಕೆಲಸ. ಒಂದು ಕೋಶ ಸುಮಾರಾಗಿ ಒಂದನ್ನು ಎಬ್ಬಿಸಿದರೆ ಹರಿವು ಹದವಾಗಿರುತ್ತದೆ. ಒಂದಕ್ಕಿಂತ ಕಡಿಮೆಯಾದರೆ ಬೇಗ ಆರಿಹೋಗುತ್ತದೆ. ಒಂದಕ್ಕಿಂತ ಹೆಚ್ಚಾದರೆ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಮೆಹರೀನಳಿಗೆ ಬರುತ್ತಿದ್ದ ಫಿಟ್ಸ್ ಸುಮಾರಾಗಿ ಅಂಥದ್ದು. ಅವಳ ಪದರಗಳಿಂದ ನನ್ನ ಲೆಕ್ಕಕ್ಕೆ ಬುನಾದಿ ಸಿಕ್ಕಿತು.

ನೀವು ಕೇಳಿದ ವಿಷಯವನ್ನು ವಿಚಾರಿಸಿ ಬರೆಯುತ್ತೇನೆ. ಚಾಚಾ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ
ಅರ್ಚನಾ

*

ಹೂವಿನಹಡಗಲಿ
12 ನವೆಂಬರ್ 2005

ಅರ್ಚನಾ ಅವರಿಗೆ ಖಾಸಿಂ ಬೀಯ ಸಲಾಮು.

ರಂಜಾನ್ ಹಬ್ಬ ಮುಗಿಯಿತು. ಈ ಸಲ ಶಾವಿಗೆ ಪಾಯಸ ಮಾಡಲಿಲ್ಲ. ಎದುರು ಮನೆಯ ಓಬಮ್ಮ ತಾನೇ ಮಾಡಿ ತಂದಿಟ್ಟು, "ನಮಗ ಮಾಡಾಕ ಬರೂದಿಲ್ಲ, ಹಾಲು ಹೆಚ್ಚಾಗೈತಿ, ಬೈಬ್ಯಾಡ" ಎಂದು ಹೋದಳು. ಚಿಕ್ಕವಳು ನೂರೀನ ಎರಡು ಬಟ್ಟಲು ತಿಂದಳು. ಅವಳಿಗೆ ಹದಿಮೂರು. ಹಸಿವಾಗುತ್ತದೆ.

ನಿಮ್ಮ ಪತ್ರವನ್ನು ಇವರಿಗೆ ಓದಿ ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ಉರ್ದುವಿನಲ್ಲಿ. ಓದಲು ಬರೆಯಲು ನನಗೆ ಕನ್ನಡವೇ, ಏಳನೇ ತರಗತಿಯವರೆಗೆ ಇಲ್ಲಿಯ ಸರಕಾರಿ ಶಾಲೆ. ಒಂದೊಂದು ಸಾಲೂ ಓದಿ ಅರ್ಥ ಹೇಳಿದೆ. ಅವರು ಚಕ್ರದ ಕಡ್ಡಿ ಬಿಗಿ ಮಾಡುತ್ತ ಕೇಳಿದರು. ಕೊನೆಗೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ತುಂಡು ಎಲ್ಲೈತಿ ಅಂತ ಬರದಾಳೇನು?"

"ವಿಚಾರಿಸಿ ಬರೀತೀನಿ ಅಂದಾಳ."

"ತನ್ನ ಕೈಯಾಗಿರೋದನ್ನ ಯಾರನ್ನ ವಿಚಾರಸ್ತಾಳ?"

ನಿಮ್ಮ ಪತ್ರದಲ್ಲಿ ಎಲ್ಲ ವಿವರವಾಗಿ ಇತ್ತು, ಅದೊಂದು ಬಿಟ್ಟು.

ಆದರೆ ನೀವು ಬರೆದ ಆ ಸುದ್ದಿ ಹರಿಯುವ ಸಂಗತಿ ನನ್ನ ತಲೆಯಲ್ಲಿ ಉಳಿಯಿತು. ನಾನು ನಾಗಲಿಂಗಮ್ಮನ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತೇನೆ. ಅವರದು ಹೂವಿನ ತೋಟ. ನಾಲ್ಕೈದು ಹೆಂಗಸರು ಕೂತು ಮೊಗ್ಗು ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಬಸ್ಸಿಗೆ ಹಾಕುತ್ತೇವೆ. ಮೆಹರೀನ ತೀರಿಕೊಂಡ ದಿನ ನಾನು ಅಲ್ಲೇ ಇದ್ದೆ. ಬಟ್ಟೆ ಹಣ್ಣು ತರಲೆಂದು ದಾವಣಗೆರೆಯಿಂದ ಹಿಂದಿನ ರಾತ್ರಿ ಬಂದಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೈ ಸುಮ್ಮನೆ ಇರಬಾರದೆಂದು ಹೂವಿನ ಮುಂದೆ ಕೂತಿದ್ದೆ. ಇವರು ಆಸ್ಪತ್ರೆ ಎದುರಿನ ಎಸ್‌ಟಿಡಿ ಬೂತಿನಿಂದ ನಾಗಲಿಂಗಮ್ಮನ ಮನೆಗೆ ಫೋನು ಮಾಡಿದರು. ಫೋನು ಒಳಗಿನ ಕೋಣೆಯಲ್ಲಿತ್ತು. ಆಕೆ ಹೊರಗೆ ಬಂದು ನನಗೆ ಹೇಳಲಿಲ್ಲ. ಹಿತ್ತಲಿನಿಂದ ಹೋಗಿ ಓಬಮ್ಮನಿಗೆ ಹೇಳಿದಳು. ಓಬಮ್ಮ ಮಸೀದಿ ಓಣಿಯಲ್ಲಿ ಹೇಳಿದಳು. ಅಲ್ಲಿಂದ ಕೊಟ್ಟೂರಿನ ನನ್ನ ತಂಗಿಗೆ, ಕೂಡ್ಲಿಗಿಯ ಅಣ್ಣನಿಗೆ, ಹಗರಿಬೊಮ್ಮನಹಳ್ಳಿಯ ನಾದಿನಿಗೆ ಫೋನು ಹೋಯಿತು. ಕೊಟ್ಟೂರಿನಿಂದ ಬಸ್ಸು ಹಿಡಿದು ತಂಗಿ ಹೊರಟಾಗಿತ್ತು. ಅಷ್ಟು ಹೊತ್ತೂ ನಾನು ಹೂವು ಕಟ್ಟುತ್ತಿದ್ದೆ. ಸುತ್ತ ಕೂತವರು ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ದಾರ ಎಳೆಯುವ ಸದ್ದು ಮಾತ್ರ ಉಳಿಯಿತು. ಆಗ ನನಗೆ ತಿಳಿಯಿತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ನೀವು ತಟ್ಟೆಯಲ್ಲಿ ನೋಡಿದ್ದು ಇಂಥದ್ದೇ ಇರಬೇಕು. ಎಲ್ಲ ಕಡೆ ಮುಟ್ಟಿ ಕೊನೆಗೆ ನಡುವಿನದಕ್ಕೆ.

ಮೊನ್ನೆ ನಾಗಲಿಂಗಮ್ಮ ನಾನು ಕಟ್ಟಿದ ಮಾಲೆ ಎತ್ತಿ ನೋಡಿ, "ಏ ಖಾಸಿಂಬಿ, ಹೂವು ಕಟ್ಟೀಯೋ ಎತ್ತಿನ ಕಣ್ಣಿ ಕಟ್ಟೀಯೋ? ಕುತಿಗಿ ಹಿಸುಕಿದಂಗ ಬಿಗದೀ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನೋಡಿದರೆ ನಿಜ, ಮೊಗ್ಗುಗಳ ತೊಟ್ಟು ಮುರಿದಿತ್ತು.

ತುಂಡಿನ ವಿಷಯ ಏನಿದ್ದರೂ ಬರೆಯಿರಿ. ಹೇಗಿದ್ದರೂ ಬರೆಯಿರಿ.

ಖಾಸಿಂ ಬೀ

*

ಬೆಂಗಳೂರು
2 ಡಿಸೆಂಬರ್ 2005

ಖಾಸಿಂ ಬೀ ಅಮ್ಮನವರಿಗೆ,

ನೀವು "ಹೇಗಿದ್ದರೂ ಬರೆಯಿರಿ" ಎಂದ ಮೇಲೆ ನನಗೆ ಬೇರೆ ದಾರಿ ಇಲ್ಲ.

ಆ ತುಂಡು ಇಲ್ಲ. ಪದರಗಳು ಅಂದು ಸಂಜೆಯವರೆಗೆ ಜೀವ ಹಿಡಿದಿದ್ದವು. ಆಮೇಲೆ ಒಂದೊಂದೇ ಸುಮ್ಮನಾದವು. ಸುಮ್ಮನಾದದ್ದನ್ನು ಇಟ್ಟುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಹಳದಿ ಚೀಲದಲ್ಲಿ ಹಾಕಿ ಕೊಡುತ್ತೇವೆ. ಆಪರೇಷನ್ ಕೋಣೆಯಿಂದ ಬರುವ ಎಲ್ಲದರ ಜೊತೆ ಅದು ಹೋಗುತ್ತದೆ. ಅದನ್ನು ಸುಡುತ್ತಾರೆ. ಎಲ್ಲ ಕಡೆಯೂ ಹೀಗೆಯೇ, ರೋಗ ಹರಡಬಾರದೆಂದು ಇರುವ ನಿಯಮ.

ನಿಮ್ಮಲ್ಲಿ ಸುಡುವುದಿಲ್ಲ ಎಂದು ನನಗೆ ಗೊತ್ತಿತ್ತು. ತೆಲಿಗಿಯಲ್ಲಿ ನಮ್ಮ ಮನೆಯ ಹಿಂದೆಯೇ ಪಿಂಜಾರರ ಓಣಿ. ನಮ್ಮಲ್ಲಿಯೂ ಹೂಳುವುದೇ ಪದ್ಧತಿ. ಗೊತ್ತಿದ್ದೂ ಆ ದಿನ ಚೀಲ ಕಟ್ಟುವಾಗ ಅದು ನನ್ನ ತಲೆಗೆ ಬರಲಿಲ್ಲ. ನನ್ನ ಕಣ್ಣು ಪರದೆಯ ಮೇಲೆ ಇತ್ತು. ಹಿಂದೆ ಯಾರಿಗೂ ಸಿಗದಷ್ಟು ಚೆನ್ನಾಗಿ ಹರಿವು ದಾಖಲಾಗಿತ್ತು ಎಂಬ ಖುಷಿಯಲ್ಲಿದ್ದೆ.

ಉಳಿದಿರುವುದು ಆ ದಾಖಲೆ ಮಾತ್ರ. ಯಾವ ತಂತಿಯಲ್ಲಿ ಯಾವ ಕ್ಷಣ ಮಿಡಿತ ಬಂತು ಎನ್ನುವುದು. ಕಂಪ್ಯೂಟರಿನಲ್ಲಿ ಅದಕ್ಕೆ ಹೆಸರಿಲ್ಲ, ಒಂದು ನಂಬರಿದೆ. ನಿಮ್ಮ ಪತ್ರ ಬಂದಾಗಿನಿಂದ ಅದನ್ನು ತೆರೆದಿಲ್ಲ. ನೀವು ಬೇಡವೆಂದರೆ ಅಳಿಸುತ್ತೇನೆ. ನಮ್ಮ ಪ್ರೊಫೆಸರಿಗೆ ಹೇಳಿದ್ದೇನೆ. ಅದಿಲ್ಲದಿದ್ದರೆ ನನ್ನ ಪ್ರಬಂಧಕ್ಕೆ ಆಧಾರವೇ ಇರುವುದಿಲ್ಲ ಎಂದರು, ಆದರೆ ಕೊಟ್ಟವರ ಮಾತು ಮೊದಲು ಎಂದೂ ಅಂದರು.

ಅರ್ಚನಾ

*

ಹೂವಿನಹಡಗಲಿ
20 ಡಿಸೆಂಬರ್ 2005

ಅರ್ಚನಾಗೆ,

ಪತ್ರ ತಲುಪಿತು. ಇವರಿಗೆ ಇನ್ನೂ ಓದಿ ಹೇಳಿಲ್ಲ. "ಬೆಂಗಳೂರಿಂದ ಏನಾರ ಬಂತೇನು" ಎಂದು ದಿನಾ ಕೇಳುತ್ತಾರೆ. ಪೋಸ್ಟಿನವನು ಕೊಡುವಾಗ ನೂರೀನ ನೋಡಿದ್ದಾಳೆ. ಅವಳೂ ಹೇಳಿಲ್ಲ.

ಖಾಸಿಂ ಬೀ

*

ಹೂವಿನಹಡಗಲಿ
29 ಜನವರಿ 2006

ಅರ್ಚನಾಗೆ ಆಶೀರ್ವಾದ.

ನಿನ್ನನ್ನು ಇನ್ನು ಮೇಡಂ ಎಂದು ಬರೆಯಲು ಕೈ ಬರುವುದಿಲ್ಲ.

ಬಕ್ರೀದ್ ಆದ ಮೇಲೆ ಹೇಳಿದೆ. ಊಟ ಮುಗಿದಿತ್ತು. ಹೇಗೆ ಶುರುಮಾಡಬೇಕೆಂದು ಯೋಚಿಸುತ್ತಿರುವಾಗ ನೂರೀನ, "ಅಮ್ಮೀ, ಆ ಪತ್ರ ಓದು. ಇಲ್ಲಾಂದ್ರ ನಾನು ಓದ್ತೀನಿ" ಅಂದಳು. ಓದಿದೆ.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. ಕೈ ತೊಳೆದು ಬಂದು ಮತ್ತೆ ಓದು ಎಂದರು. ಮತ್ತೆ ಓದಿದೆ. "ಬೆಂಕಿಗೆ ಹಾಕಿದ್ರು" ಎಂದು ತಾವೇ ಒಂದು ಸಲ ಹೇಳಿಕೊಂಡರು. ಸತ್ತ ಮೇಲೆ ಬೆಂಕಿ ನಮ್ಮಲ್ಲಿ ಯಾರಿಗೆ ಎಂಬುದು ನಿನಗೆ ಗೊತ್ತಿರಬಹುದು, ನಾನು ಬರೆಯುವುದಿಲ್ಲ. ಮೂರು ದಿನ ಅಂಗಡಿಗೆ ಹೋಗಲಿಲ್ಲ. ಗೆಳೆಯ ಪಾಲಾಕ್ಷಪ್ಪ ಬಂದು ಬಾಗಿಲಲ್ಲಿ ನಿಂತು, "ದಾವಲ್, ನನ್ನ ಸೈಕಲ್ ನಿನ್ನ ಅಂಗಡ್ಯಾಗ ಸೆರೆಮನಿ ಬಿದ್ದೈತಿ, ಜಾಮೀನು ಕೊಡು ಮಾರಾಯ" ಎಂದ. ಅದಕ್ಕೂ ಏಳಲಿಲ್ಲ.

ನಾಲ್ಕನೇ ದಿನ ಮಸೀದಿಯ ಹಜರತ್ ಹತ್ತಿರ ಹೋಗಿ ಕೇಳಿಕೊಂಡು ಬಂದರು. ತಿಳಿಯದೆ ಆದದ್ದಕ್ಕೆ ಯಾರ ಮೇಲೂ ದೋಷವಿಲ್ಲ, ಇರುವಷ್ಟಕ್ಕೆ ಮಣ್ಣು ಕೊಟ್ಟಾಗಿದೆ, ಕಲ್ಲು ನಿಲ್ಲಿಸು ಎಂದು ಹಜರತ್ ಹೇಳಿದರಂತೆ. ಇವರು ತಲೆ ಆಡಿಸಿ ಬಂದರು. ಕಲ್ಲು ಮಾತ್ರ ಅಂಗಡಿಯ ಗೋಡೆಗೇ ಒರಗಿದೆ.

ನಿನ್ನೆ ನನಗೆ ಒಂದು ಮಾತು ಕೇಳಿದರು. ಅದನ್ನು ನಿನಗೆ ಬರೆಯಲು ಹೇಳಿದ್ದಾರೆ.

"ಆ ತುಂಡು ಸಂಜಿ ತನಕ ಜೀವ ಹಿಡದಿತ್ತು ಅಂತ ಬರದಾಳ. ಒಂದಕ್ಕೊಂದು ಸುದ್ದಿ ಮುಟ್ಟಸ್ತಿತ್ತು ಅಂತ ಬರದಾಳ. ಅಷ್ಟೊತ್ತು ಅದರಾಗ ನನ್ನ ಮಗಳು ಇದ್ಲೋ ಇಲ್ಲೋ, ಅದನ್ನ ಕೇಳು. ನೋವಾತೋ ಇಲ್ಲೋ ಕೇಳು."

ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕೇಳಿದ ಮೇಲೆ ನಿದ್ದೆ ಇಲ್ಲ. ಸಮಾಧಾನ ಮಾಡಲು ಏನೋ ಒಂದು ಬರೆಯಬೇಡ. ಗೊತ್ತಿದ್ದದ್ದು ಬರೆ.

ಖಾಸಿಂ ಬೀ

*

ಬೆಂಗಳೂರು
21 ಫೆಬ್ರವರಿ 2006

ಅಮ್ಮ,

ಚಾಚಾ ಅವರ ಪ್ರಶ್ನೆಯನ್ನು ಪ್ರೊಫೆಸರಿಗೂ ಹೇಳಿದೆ. ಅವರು "ಇದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ" ಎಂದರು. ಗೊತ್ತಿರುವುದು, ಗೊತ್ತಿಲ್ಲದ್ದು ಎರಡನ್ನೂ ಬರೆಯುತ್ತೇನೆ.

ನೋವು ಆಗಲಿಲ್ಲ. ಇದು ಖಂಡಿತ. ಮಿದುಳಿನ ಮಾಂಸಕ್ಕೆ ತನ್ನದೇ ನೋವು ತಿಳಿಯುವುದಿಲ್ಲ. ನೋವಿನ ಸುದ್ದಿ ಬೇರೆ ಕಡೆಯಿಂದ ನರಗಳ ದಾರಿಯಲ್ಲಿ ಬರಬೇಕು. ಆ ದಾರಿಗಳೆಲ್ಲ ಕಡಿದಿದ್ದವು.

ಅದರಲ್ಲಿ ಅವಳು ಇದ್ದಳೇ ಎನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಉತ್ತರವಿಲ್ಲ. ಒಂದು ಕೋಶ ಇನ್ನೊಂದನ್ನು ಎಬ್ಬಿಸುತ್ತಿತ್ತು, ಅಷ್ಟೇ ನನಗೆ ಕಂಡದ್ದು. ಏನೆಂದು ಎಬ್ಬಿಸುತ್ತಿತ್ತು ಎಂದು ಕಾಣುವುದಿಲ್ಲ. ಇಷ್ಟು ಸಣ್ಣ ಪದರದಲ್ಲಿ ಒಬ್ಬ ಮನುಷ್ಯ ಹಿಡಿಸುವುದಿಲ್ಲ ಎಂದು ಎಲ್ಲರೂ ತಿಳಿದಿದ್ದೇವೆ. ನಾನೂ ಹಾಗೇ ತಿಳಿದಿದ್ದೇನೆ.

ಇನ್ನೊಂದು ನನ್ನ ಕಣ್ಣಾರೆ ಕಂಡದ್ದು. ಪದರಗಳು ಇನ್ನೂ ಮಿಡಿಯುತ್ತಿದ್ದಾಗ, ಸಂಜೆ, ನಾನು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವಳನ್ನು ನೋಡಲು ಬಂದಿದ್ದೆ. ನೀವು ಹೊರಗೆ ಬೆಂಚಿನ ಮೇಲೆ ಇದ್ದಿರಿ. ಒಳಗೆ ಅವಳಿಗೆ ಎಚ್ಚರ ಬಂದಿತ್ತು. ತುಟಿ ಒಣಗಿತ್ತು. ನಾನು "ಹೇಗಿದ್ದೀಯ ಮೆಹರೀನ" ಎಂದೆ. ಅವಳು ಕಣ್ಣು ಪೂರ್ತಿ ತೆರೆಯದೆ, "ನಮ್ಮ ಕಡ್ಯಾಕಿ ಆಗಿ 'ಹೇಗಿದ್ದೀಯ' ಅಂತೀಯೇನಕ್ಕ" ಎಂದಳು. ಮೆಹರೀನ ಇದ್ದದ್ದು ಅಲ್ಲಿ. ಅಷ್ಟು ನಾನು ಆಣೆ ಮಾಡಿ ಹೇಳುತ್ತೇನೆ.

ಈಗ ಇನ್ನೊಂದು ವಿಷಯ. ಇದು ನನಗೆ ಹೋದ ವಾರ ತಿಳಿಯಿತು. ಆಪರೇಷನ್ ದಿನ ತೆಗೆದದ್ದೆಲ್ಲ ನನಗೆ ಬಂದಿರಲಿಲ್ಲ. ಕಾಯಿಲೆ ಯಾವುದೆಂದು ಗುರುತಿಸಲು ಒಂದು ಚೂರನ್ನು ಆಸ್ಪತ್ರೆಯ ಬೇರೆ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಅದನ್ನು ಔಷಧಿಯಲ್ಲಿ ನೆನೆಸಿ, ಬಿಳಿ ಮೇಣದ ಅಚ್ಚಿನಲ್ಲಿ ಕೂಡಿಸಿ, ವರ್ಷಗಟ್ಟಲೆ ಇಡುತ್ತಾರೆ. ಹೋಗಿ ಹುಡುಕಿಸಿದೆ. ಇದೆ ಅಮ್ಮ. ಮೇಣದ ಒಳಗೆ ತೊಗರಿಬೇಳೆಯಷ್ಟು. ಅಲ್ಲಿಯ ಡಾಕ್ಟರು ತಮಗೆ ಬೇಕಾದದ್ದನ್ನು ಗಾಜಿನ ಮೇಲೆ ತೆಗೆದುಕೊಂಡಾಗಿದೆ, ಮನೆಯವರು ಬರೆದು ಕೇಳಿದರೆ ಅಚ್ಚನ್ನು ಕೊಡಬಹುದು ಎಂದರು.

ನೀವು ಒಂದು ಕಾಗದದಲ್ಲಿ ಇಬ್ಬರೂ ಸಹಿ ಮಾಡಿ ಕಳಿಸಿ. ನಾನೇ ತರುತ್ತೇನೆ. ಪೋಸ್ಟಿನಲ್ಲಿ ಹಾಕುವುದಿಲ್ಲ.

ಅರ್ಚನಾ

*

ಹೂವಿನಹಡಗಲಿ
4 ಮಾರ್ಚ್ 2006

ಅರ್ಚನಾಗೆ,

ಸಹಿ ಮಾಡಿದ ಕಾಗದ ಇದರೊಳಗೆ ಇದೆ. ಹರಪನಹಳ್ಳಿಗೆ ಬಂದು ಅಲ್ಲಿಂದ ಹಡಗಲಿ ಬಸ್ಸು ಹತ್ತು. ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಶಾಪ್ ದಾವಲ್ ಸಾಬ್ ಎಂದರೆ ಯಾರಾದರೂ ತೋರಿಸುತ್ತಾರೆ. ಬರುವ ದಿನ ನಾಗಲಿಂಗಮ್ಮನ ಮನೆಗೆ ಫೋನು ಮಾಡು. ಈ ಸಲ ಫೋನನ್ನು ನನ್ನ ಕೈಗೇ ಕೊಡಲು ಹೇಳು.

ನೀನು ಬರೆದದ್ದನ್ನು ಓದಿದಾಗ ಇವರು "ಹೇಗಿದ್ದೀಯ ಅಂತೀಯೇನಕ್ಕ" ಎನ್ನುವುದನ್ನು ನಾಲ್ಕು ಸಲ ಓದಿಸಿದರು.

ಖಾಸಿಂ ಬೀ

*

ಹೂವಿನಹಡಗಲಿ
9 ಏಪ್ರಿಲ್ 2006

ಅರ್ಚನಾಗೆ ಆಶೀರ್ವಾದ.

ನೀನು ಸುಖವಾಗಿ ತಲುಪಿದ್ದು ತಿಳಿಯಿತು. ನೀನು ಹೊರಟ ಮೇಲೆ ಏನಾಯಿತೆಂದು ಕೇಳಿದ್ದೀಯ. ನೀನು ಇದ್ದಾಗ ಆದದ್ದರಲ್ಲಿಯೂ ನಿನಗೆ ತಿಳಿಯದ್ದು ಸ್ವಲ್ಪ ಇದೆ. ಎರಡನ್ನೂ ಬರೆಯುತ್ತೇನೆ.

ನೀನು ಡಬ್ಬಿಯಿಂದ ಮೇಣದ ಅಚ್ಚು ತೆಗೆದು ಇವರ ಕೈಯಲ್ಲಿ ಇಟ್ಟಾಗ ಇವರು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಅದು ಮಸುಕಾಗಿ ಕಾಣುತ್ತಿತ್ತು. "ಮೇಣ ಅವಳದಲ್ಲ" ಅಂದರು. ಹಜರತ್ ಹೇಳಿದ್ದು, ಇಷ್ಟಕ್ಕೆ ಸ್ನಾನ ಬೇಕಿಲ್ಲ, ನಮಾಜು ಬೇಕಿಲ್ಲ, ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಗೋರಿಯ ಬಾಜೂ ಮಣ್ಣು ಕೊಡಿ ಎಂದು. ಆದರೆ ಮೇಣ ಹೋಗಬೇಕಾದರೆ ಬಿಸಿ ನೀರು ಬೇಕು ಎಂದು ನೀನು ಹೇಳಿದೆ. ನೀರು ಎಂದ ಕೂಡಲೆ ಇವರು ಅಚ್ಚನ್ನು ನನ್ನ ಕೈಗೆ ಕೊಟ್ಟು ಅಡಿಗೆಮನೆಯಿಂದ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಯಾಕೆ ಹೋದರೆಂದು ನಿನಗೆ ಹೊಳೆಯಲಿಲ್ಲ. ನಮ್ಮಲ್ಲಿ ತೀರಿಕೊಂಡ ಹೆಣ್ಣುಮಕ್ಕಳಿಗೆ ನೀರು ಹಾಕುವುದು ಹೆಂಗಸರು. ತಂದೆಯಾದರೂ ಒಳಗೆ ನಿಲ್ಲುವುದಿಲ್ಲ.

ಅದಕ್ಕೇ ನಾನು ಮೊದಲು ಉಗುರುಬೆಚ್ಚಗಿನ ನೀರು ಹಾಕಿದ್ದು. ಹೆಣಕ್ಕೆ ಸುಡುವ ನೀರು ಹಾಕಬಾರದು, ನೋಯುತ್ತದೆ ಎನ್ನುತ್ತಾರೆ. ಆಗಸ್ಟಿನಲ್ಲಿ ಅವಳಿಗೆ ನೀರು ಹಾಕಲು ನನ್ನ ಕೈಯಿಂದ ಆಗಿರಲಿಲ್ಲ. ತಂಗಿ ಹಾಕಿದ್ದಳು, ನಾನು ಗೋಡೆಗೆ ಒರಗಿ ಕೂತಿದ್ದೆ. ಈಗ ಹಾಕಿದೆ. ಮೇಣ ಜಗ್ಗಲಿಲ್ಲ. ನೀನು "ಇನ್ನೂ ಬಿಸಿ ಬೇಕ್ರಿ ಅಮ್ಮ, ಕುದಿಯಾಕ ಹತ್ರ ಬರಬೇಕು" ಎಂದೆ. ನನಗೆ ಆಗಲಿಲ್ಲ. ಒಂದು ಸಲ ಬೆಂಕಿಗೆ ಹೋಗಿದೆ, ಮತ್ತೆ ಸುಡುವುದೇ ಎಂದು ಚೊಂಬು ಹಿಡಿದು ನಿಂತೆ. ನೀನು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಬಟ್ಟಲು ಇಟ್ಟು, ಬಟ್ಟಲಲ್ಲಿ ಅಚ್ಚು ಇಟ್ಟೆ. ಬೆಂಕಿ ತಾಗಲಿಲ್ಲ, ಕುದಿನೀರೂ ತಾಗಲಿಲ್ಲ. ಬೆಣ್ಣೆ ಕರಗಿದ ಹಾಗೆ ಮೇಣ ಸರಿಯಿತು. ಆಮೇಲೆ ನಾನು ಮೇಲಿನಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆ. ಮೇಣ ತೇಲಿ ಕೆನೆಗಟ್ಟಿತು. ಅವಳು ತಳಕ್ಕೆ ಇಳಿದಳು.

ನೀನು ತಲೆ ತಗ್ಗಿಸಿ ಒಲೆ ಆರಿಸುತ್ತಿದ್ದೆ. ಆಗ ನಾನು ಬೆರಳಿನ ತುದಿಯಿಂದ ಮುಟ್ಟಿದೆ. ಕಂದು ಬಣ್ಣ. ಮೆತ್ತಗೆ ಇರುತ್ತದೆ ಎಂದುಕೊಂಡಿದ್ದೆ, ಸ್ವಲ್ಪ ಗಟ್ಟಿ ಇತ್ತು. ಮೂರು ಸಲ ನೀರು ಬಿಟ್ಟೆ. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿದೆ. ಹಜರತ್ ಬೇಕಿಲ್ಲ ಎಂದಿದ್ದರು. ಬೇಕಾಗಿದ್ದದ್ದು ನನಗೆ.

ಬಟ್ಟೆ ಕತ್ತರಿಸುವಾಗ ಎಷ್ಟು ಕತ್ತರಿಸುವುದೆಂದು ತಿಳಿಯಲಿಲ್ಲ. ಬೇಳೆಗೆ ಎಷ್ಟು ಬಟ್ಟೆ. ನೂರೀನ "ಅಂಗೈಯಷ್ಟು ಸಾಕಮ್ಮೀ" ಎಂದಳು. ಅಂಗೈಯಷ್ಟೇ ಕತ್ತರಿಸಿದೆವು.

ನಿನಗೆ ಕೊನೆಯ ಬಸ್ಸು ಇತ್ತು, ನೀನು ಹೊರಟೆ. ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಇವರು, ಹಜರತ್, ಪಾಲಾಕ್ಷಪ್ಪ ಖಬರಸ್ತಾನಕ್ಕೆ ಹೋದರು. ನಾವು ಹೆಂಗಸರು ಹೋಗುವುದಿಲ್ಲ, ಆದ್ದರಿಂದ ಇದು ಪಾಲಾಕ್ಷಪ್ಪ ನಮ್ಮ ಹೊಸ್ತಿಲಲ್ಲಿ ಕೂತು ಹೇಳಿದ್ದು.

"ಮೊಳದ ಉದ್ದ ಆಳ ತಗೀಬೇಕು ಅಂತ ಹಜರತ್ ಅಂದ್ರು. ನಿನ್ನ ಗಂಡ ತಗದ, ತಗದ, ತಗದ. ನಾನಂದೆ, ದಾವಲ್, ಬಾವಿ ತೋಡ್ತೀಯೇನೋ, ನೀರು ಬಂದೀತು. ಆಗ ನಕ್ಕನಬೇ ತಂಗಿ. ನಕ್ಕ, ಆಮ್ಯಾಲ ಅಲ್ಲೇ ಕುಂತು ಅತ್ತ. ಹಜರತ್ ಒಂದು ಕಡಿ, ನಾ ಒಂದು ಕಡಿ ಹಿಡಕೊಂಡ್ವಿ. ಆಮ್ಯಾಲ ಅವನಾ ಎದ್ದು ಕಲ್ಲು ನಿಲ್ಸಿದ."

ಆಗಸ್ಟಿನಲ್ಲಿ ಅವರು ಅತ್ತಿರಲಿಲ್ಲ.

ಮರುದಿನದಿಂದ ಅಂಗಡಿಯ ಬಾಗಿಲು ಪೂರ್ತಿ ಎತ್ತುತ್ತಿದ್ದಾರೆ.

ಇನ್ನು ನಿನ್ನ ದಾಖಲೆಯ ವಿಷಯ. ನೀನು ಮೂರು ಪತ್ರಗಳಿಂದ ಕಾದಿದ್ದೀಯ, ಬಾಯಿ ಬಿಟ್ಟು ಮತ್ತೆ ಕೇಳಿಲ್ಲ. ನಾನು ಇವರನ್ನು ಕೇಳಿದೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದರು.

"ಅಳಿಸಬ್ಯಾಡ ಅಂತ ಬರಿ. ಮೈ ಮಣ್ಣಿಂದು, ಮಣ್ಣಿಗೆ ಹೋತು. ಅದು ಮೈ ಅಲ್ಲ. ಒಂದಕ್ಕೊಂದು ಹೇಳಿದ್ದು. ಹೇಳಿದ್ದನ್ನ ಹೂಳಾಕ ಎಲ್ಲಿ ತಗ್ಗು ತೋಡ್ಲಿ? ಅದು ಆಕಿ ಹತ್ರಾನ ಇರಲಿ. ಇನ್ಯಾರದಾರ ಮನಿ ಹುಡುಗಿಗೆ ಉಪಯೋಗ ಆದ್ರ ಆಗಲಿ."

ಹಾಗಾಗಿ ನೀನು ಅದನ್ನು ತೆರೆದು ನಿನ್ನ ಕೆಲಸ ಮುಂದುವರಿಸು.

ಹೊರಡುವಾಗ ಬಸ್ಸಿನ ಕಿಟಕಿಯಿಂದ ನೀನು ಒಂದು ಮಾತು ಕೇಳಿದೆ. ಪ್ರಬಂಧದಲ್ಲಿ ಆ ನಂಬರಿನ ಜಾಗದಲ್ಲಿ ಮೆಹರೀನ ಎಂದು ಹೆಸರು ಹಾಕಲೇ ಎಂದು. ಬಸ್ಸು ಬಿಟ್ಟುಬಿಟ್ಟಿತು, ಉತ್ತರ ಹೇಳಲು ಆಗಲಿಲ್ಲ. ಆಮೇಲೆ ನಾವಿಬ್ಬರೂ ಮಾತಾಡಿದೆವು. ಬೇಡ. ಅದನ್ನು ಓದುವವರು ಅವಳನ್ನು ಕಂಡವರಲ್ಲ. ಅವರಿಗೆ ನಂಬರೇ ಇರಲಿ. ನೀನು ಅದನ್ನು ತೆರೆದಾಗ ಅದು ಯಾರೆಂದು ನಿನಗೆ ಗೊತ್ತಿದ್ದರೆ ಸಾಕು.

ನಿನ್ನ
ಅಮ್ಮ, ಖಾಸಿಂ ಬೀ